ಉಗ್ರಪ್ಪನ ಮಗನ ಸೀಟು

“ಹೆಂಡ್ತಿ ಇಲ್ಲ, ಮಕ್ಳಿಲ್ಲ, ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗ್ದು ಬಂದೋನು. ನಿಂಗ್ಯಾಕಯ್ಯ ನರ್ಸರಿ ವಿಷ್ಯ? ಪ್ಲಾನಿಂಗ್ ಅಂದ್ರೆ ಏನು ಅಂತಾದ್ರೂ ಗೊತ್ತಾ ನಿಂಗೆ? ನಾಳೆ ನಿಂಗೊಬ್ಬ ಮಗ ಹುಟ್ಟಿದ್ರೂ ನಿನ್ ಪಕ್ಕದಲ್ಲೇ ನಿಂತ್ಕೊಂಡು ಲೇತಿಗೆ ಎಣ್ಣೆ ಬಿಡ್ತಾನೆ, ಅಷ್ಟೇ!”

ಎಂಬತ್ತೈದನೇ ಇಸವಿ, ಫೆಬ್ರವರಿ ತಿಂಗಳು. ಮಾರೇನಹಳ್ಳಿಯ ಹಾಲಿನ ಬೂತಿನ ಮುಂದೆ, ಬೆಳಗಿನ ಆರೂಕಾಲಿಗೆ, ಹದಿನಾಲ್ಕು ಜನರ ಎದುರಿಗೆ ವೆಂಕಟಗಿರಿ ಆಡಿದ ಮಾತಿದು. ಹದಿನಾಲ್ಕು ಜನವೂ ನಕ್ಕರು. ಬೂತಿನೊಳಗಿದ್ದವನು ನಗುವುದಕ್ಕೋಸ್ಕರ ಕಿಂಡಿಯಿಂದ ತಲೆ ಹೊರಗೆ ಹಾಕಿದ. ಕೊನೆಯಲ್ಲಿ ನಿಂತಿದ್ದ ಕಿವುಡಜ್ಜಿ ಏನೆಂದು ವಿಚಾರಿಸಿ, ತಿಳಿದುಕೊಂಡು, ಒಂದು ನಿಮಿಷ ತಡವಾಗಿ ನಕ್ಕಳು. ಹೀಗಾಗಿ ಉಗ್ರಪ್ಪನಿಗೆ ಅವಮಾನ ಎರಡು ಸಲ ಆಯಿತು.

ಅವನು ಮಾಡಿದ ಅಪರಾಧವೇನು? ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ವೆಂಕಟಗಿರಿ ತನ್ನ ಎರಡೂವರೆ ವರ್ಷದ ಮಗನನ್ನು ಯಾವ ನರ್ಸರಿಗೆ ಹಾಕಬೇಕು, ಅಲ್ಲಿಂದ ಯಾವ ಕಾನ್ವೆಂಟಿನ ಒಂದನೇ ಕ್ಲಾಸಿಗೆ ದಾಟಿಸಬೇಕು ಎಂದು ಒಂದು ತಿಂಗಳಿನಿಂದ ಹಾಲಿನ ಸಾಲಿನಲ್ಲಿ ಭಾಷಣ ಮಾಡುತ್ತಿದ್ದ. ಉಗ್ರಪ್ಪ “ಇಷ್ಟು ಚಿಕ್ ಮಗೂಗೆ ಈಗ್ಲೇ ಯಾಕೆ ಸಾರ್ ಸ್ಕೂಲು?” ಎಂದುಬಿಟ್ಟಿದ್ದ.

ಹೆಸರೇನೋ ಉಗ್ರಪ್ಪ; ಮನುಷ್ಯ ಮಾತ್ರ ಮೊಸರನ್ನ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಅವನೇ “ಸಾರಿ ಸಾರ್” ಎನ್ನುವ ಪೈಕಿ. ಇಪ್ಪತ್ತೊಂಬತ್ತು ವರ್ಷ. ಅಪ್ಪ, ಅಮ್ಮ ಇಬ್ಬರೂ ಹೋಗಿ ಆಗಿತ್ತು. ಮಾಗಡಿ ರಸ್ತೆಯ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಚಿಕ್ಕಲಕ್ಷ್ಮಮ್ಮನ ವಠಾರದ ಕೊನೆಯ ಕೋಣೆಯಲ್ಲಿ ಬಾಡಿಗೆಗಿದ್ದ. ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌವು, ಎರಡು ತಟ್ಟೆ. ಎರಡನೆಯ ತಟ್ಟೆ ಯಾರಿಗೆ ಎಂದು ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ಯಾರಾದರೂ ಒಳಗೆ ಬರಬೇಕಲ್ಲ.

ಇಂಥವನಿಗೆ ಪ್ಲಾನಿಂಗ್ ಗೊತ್ತಿಲ್ಲ ಎಂದದ್ದು ಶುದ್ಧ ಅನ್ಯಾಯ. ಅವನಿಗೆ ಗೊತ್ತಿದ್ದದ್ದೇ ಅದೊಂದು. ಅಡಿಗೆಮನೆ ಇಲ್ಲದಾಗಲೇ ಗ್ಯಾಸ್ ಬುಕ್ ಮಾಡಿದ್ದ. ನಾಲ್ಕು ವರ್ಷವಾಗಿತ್ತು, ಇನ್ನೂ ಬಂದಿರಲಿಲ್ಲ. ಸೈಕಲ್ಲೇ ನೆಟ್ಟಗೆ ಹೊಡೆಯಲು ಬಾರದಿದ್ದರೂ ಸ್ಕೂಟರ್ ಬುಕ್ ಮಾಡಿದ್ದ. ಸೈಟಿಗೂ ಅರ್ಜಿ ಹಾಕಿದ್ದ. ಈ ದೇಶದಲ್ಲಿ ಬೇಕಾದಾಗ ಕೇಳುವವನು ಮೂರ್ಖ, ಬೇಕಾಗುವ ಮೊದಲೇ ಕೇಳಿದವನು ಜಾಣ ಎಂಬುದನ್ನು ಅವನು ಯಾವ ಶಾಲೆಯೂ ಕಲಿಸದೆ ಕಲಿತಿದ್ದ. ರಶೀದಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿಟ್ಟಿದ್ದ. ಅವನ ಇಡೀ ಸಂಸಾರ ಆ ಡಬ್ಬದೊಳಗೆ ಕ್ಯೂ ನಿಂತಿತ್ತು.

ಆ ಕ್ಯೂನಲ್ಲಿ ಹೆಂಡತಿಯದೂ ಸರದಿ ಹತ್ತಿರ ಬಂದಿತ್ತು. ಸುಂಕದಕಟ್ಟೆಯ ಸೋದರಮಾವ ಹನುಮಯ್ಯ ಹೇರೋಹಳ್ಳಿಯ ತಿಮ್ಮಯ್ಯನ ಮಗಳು ಮುನಿಲಕ್ಷ್ಮಮ್ಮನನ್ನು ತೋರಿಸಿದ್ದ. ಹೆಣ್ಣು ನೋಡುವ ದಿನ ಆ ಹುಡುಗಿ ಕಾಫಿ ಕೊಡುತ್ತಾ ಅವನ ಹೆಬ್ಬೆರಳಿನ ಬಟ್ಟೆಪಟ್ಟಿ ನೋಡಿ, “ಕೈಗೇನಾಯ್ತು?” ಎಂದು ಮೆಲ್ಲಗೆ ಕೇಳಿದ್ದಳು. ಕಬ್ಬಿಣದ ಸಿಬಿರು ಹೊಕ್ಕಿತ್ತು. ಆರು ವರ್ಷದ ಲೇತ್ ಕೆಲಸದಲ್ಲಿ ಅವನ ಬೆರಳಿಗೆ ಅಂಥ ಎಷ್ಟೋ ಸಿಬಿರು ಹೊಕ್ಕಿದ್ದವು, ಕೇಳಿದವಳು ಅವಳೊಬ್ಬಳೇ. ಉಗ್ರಪ್ಪ ಗಾಯ ವಾಸಿಯಾದ ಮೇಲೂ ಎರಡು ವಾರ ಪಟ್ಟಿ ಕಟ್ಟಿಕೊಂಡೇ ಓಡಾಡಿದ.

ಮಾತು ಹೆಚ್ಚುಕಡಿಮೆ ಮುಗಿದಿತ್ತು. ತಿಮ್ಮಯ್ಯನೂ ಮುಂದಾಲೋಚನೆಯ ಮನುಷ್ಯ. ಛತ್ರಗಳಿಗೆ ನೂಕುನುಗ್ಗಲು ಎಂದು ಮೇ ಹತ್ತೊಂಬತ್ತಕ್ಕೆ ಛತ್ರ ಹಿಡಿದುಬಿಟ್ಟಿದ್ದ. ಗಂಡಿನ ಮನೆ ನೋಡುವ ಶಾಸ್ತ್ರವೊಂದು ಬಾಕಿ. ಅದಕ್ಕೆ ಮುಂದಿನ ಭಾನುವಾರ ಬರುತ್ತೇನೆಂದಿದ್ದ.

ಹಾಲಿನ ಬೂತಿನಿಂದ ಬಂದ ಉಗ್ರಪ್ಪ ಹಾಲು ಕಾಯಿಸಲಿಲ್ಲ. ಅಂದು ಗುರುವಾರ, ಕರೆಂಟ್ ಕಟ್‌ನಿಂದ ವರ್ಕ್‌ಶಾಪಿಗೆ ರಜಾ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೀದಾ ವಿಜಯನಗರದ ಲಿಟಲ್ ಪೀಕಾಕ್ ನರ್ಸರಿಗೆ ನಡೆದ.

ಲಿಟಲ್ ಪೀಕಾಕ್ ಎಂದರೆ ಯಶೋದಮ್ಮ ಮೇಡಂ ಅವರ ಮನೆಯ ಕಾರ್ ಶೆಡ್ಡು. ಕಾರು ಇರಲಿಲ್ಲ, ಮೂವತ್ತು ಪುಟ್ಟ ಕುರ್ಚಿಗಳಿದ್ದವು, ಗೋಡೆಯ ಮೇಲೆ ಕೋಳಿಯಂತೆ ಕಾಣುವ ಒಂದು ನವಿಲಿತ್ತು. ಆದರೆ ಇಲ್ಲಿ ಯು.ಕೆ.ಜಿ. ಮುಗಿಸಿದ ಮಗು ರಾಜಾಜಿನಗರದ ಒಂದು ದೊಡ್ಡ ಕಾನ್ವೆಂಟಿಗೆ ಸೀದಾ ಒಂದನೇ ಕ್ಲಾಸಿಗೆ ಹೋಗುತ್ತದೆ ಎಂಬ ಪ್ರತೀತಿ ಇತ್ತು. ಮಾಗಡಿ ರಸ್ತೆಯ ಈ ಕೊನೆಯಿಂದ ಆ ಕೊನೆಯವರೆಗಿನ ಅಪ್ಪಂದಿರು ಆ ಕೋಳಿಗೆ ಕೈ ಮುಗಿಯುತ್ತಿದ್ದರು.

ಮೇಡಂ ಒಳಗೆ ‘ಬಾ ಬಾ ಬ್ಲ್ಯಾಕ್ ಶೀಪ್’ ಹೇಳಿಕೊಡುತ್ತಿದ್ದರು. ಆಯಾ ಫಾರಂ ಕೊಟ್ಟಳು.

“ಇದು ಎಲ್ರೂ ಮೊದ್ಲೇ ಬುಕ್ ಮಾಡೋದು ತಾನೆ?” ಉಗ್ರಪ್ಪ ಖಾತ್ರಿ ಮಾಡಿಕೊಂಡ.

“ಮೊದ್ಲೇ ಮಾಡ್ಬೇಕು. ಕೆಲವ್ರು ವರ್ಷ ಮುಂಚೆನೇ ಮಾಡ್ತಾರೆ,” ಎಂದಳು ಆಯಾ.

ವರ್ಷ ಮುಂಚೆ! ಗ್ಯಾಸನ್ನು ನಾಲ್ಕು ವರ್ಷ ಮುಂಚೆ ಬುಕ್ ಮಾಡಿದವನಿಗೆ ಆ ಅಪ್ಪಂದಿರ ಮೇಲೆ ಕನಿಕರ ಹುಟ್ಟಿತು. ವರ್ಕ್‌ಶಾಪಿನ ಡ್ರಾಯಿಂಗ್ ನೋಡಿ ನೋಡಿ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಅವನಿಗೆ ಬರುತ್ತಿದ್ದವು. ತಂದೆಯ ಹೆಸರು: ಉಗ್ರಪ್ಪ. ತಾಯಿಯ ಹೆಸರು: ಮುನಿಲಕ್ಷ್ಮಮ್ಮ, ಹೇರೋಹಳ್ಳಿ. ಬರೆಯುವಾಗ ಕಿವಿ ಬಿಸಿಯಾದವು. ಮಗುವಿನ ಹೆಸರು: ಚನ್ನಕೇಶವ; ತೀರಿಕೊಂಡ ಅಪ್ಪನದು. ಹುಟ್ಟಿದ ತಾರೀಖು? ಇಲ್ಲಿ ಲೆಕ್ಕ ಬೇಕಾಯಿತು. ಮದುವೆ ಮೇ ಹತ್ತೊಂಬತ್ತು. ಬೆರಳು ಮಡಿಸಿ ಎಣಿಸಿ, ೧೫-೩-೧೯೮೬ ಎಂದು ಬರೆದ. ಲೇತಿನಲ್ಲಿ ಯಾವ ಅಳತೆಗೂ ಇಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬ ಟಾಲರೆನ್ಸ್ ಇರುತ್ತದೆ. ಹತ್ತು ದಿನ ಹಿಂದೆ ಮುಂದೆ ಆದರೆ ಕೆಲಸ ಪಾಸು. ಐದು ರೂಪಾಯಿ ಕೊಟ್ಟ, ರಶೀದಿ ತೆಗೆದುಕೊಂಡ, ಬಿಸ್ಕತ್ತಿನ ಡಬ್ಬಕ್ಕೆ ಹಾಕಿದ. ಮಗ ಕ್ಯೂನಲ್ಲಿ ನಿಂತ.

ಸಂಜೆ ಯಶೋದಮ್ಮ ಮೇಡಂ ಫಾರಂಗಳನ್ನು ನೋಡಿದರು. ಹದಿನೆಂಟು ವರ್ಷ ಟೀಚರಾಗಿದ್ದ ಕೈ ಅದು, ತಪ್ಪು ಕಂಡರೆ ಸುಮ್ಮನಿರುವ ಕೈಯಲ್ಲ. ಬರುವ ವರ್ಷ ಹುಟ್ಟಿದ ಮಗು ಪ್ರಪಂಚದಲ್ಲಿ ಎಲ್ಲಾದರೂ ಉಂಟೇ? ಓದು ಬಾರದ ಅಪ್ಪ ಎರಡನ್ನು ಆರು ಮಾಡಿದ್ದಾನೆ ಎಂದು ಮರುಗಿ, ಕೆಂಪು ಇಂಕಿನಲ್ಲಿ ೧೯೮೨ ಎಂದು ತಿದ್ದಿದರು. ಹೀಗೆ ಚಿರಂಜೀವಿ ಚನ್ನಕೇಶವ ಹುಟ್ಟುವ ಮೊದಲೇ ಮೂರು ವರ್ಷದವನಾದ.

ಶನಿವಾರ ಉಗ್ರಪ್ಪನ ಹೆಸರಿಗೆ ನರ್ಸರಿಯಿಂದ ಪೋಸ್ಟ್‌ಕಾರ್ಡ್ ಬಂತು. ಪೋಸ್ಟ್‌ಕಾರ್ಡ್ ಎನ್ನುವುದು ಕವರಲ್ಲ. ವಿಳಾಸದಾರನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಮೊದಲು ಓದಬೇಕಾದ ವಸ್ತು. ಪೋಸ್ಟ್‌ಮ್ಯಾನ್ ಓದಿಕೊಂಡೇ ಬಂದಿದ್ದ. ಚಿಕ್ಕಲಕ್ಷ್ಮಮ್ಮನಿಗೆ ಓದು ಬಾರದಾದ್ದರಿಂದ ನಲ್ಲಿಕಟ್ಟೆಯ ಹತ್ತಿರ ನೀರಿಗೆ ಬಂದಿದ್ದ ವೆಂಕಟಗಿರಿಯ ಕೈಗೆ ಕೊಟ್ಟಳು. ಅವನು ಗಟ್ಟಿಯಾಗಿ ಓದಿದ:

“ಮುಂದಿನ ತಿಂಗಳು ಮೂರು ವರ್ಷ ತುಂಬಲಿರುವ ನಿಮ್ಮ ಮಗ ಚಿರಂಜೀವಿ ಚನ್ನಕೇಶವನನ್ನು, ತಾಯಿ ಮುನಿಲಕ್ಷ್ಮಮ್ಮನವರ ಸಮೇತ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಂಟರ್‌ವ್ಯೂಗೆ ಕರೆತರುವುದು.”

ನಲ್ಲಿಯಲ್ಲಿ ನೀರು ಬರುತ್ತಿತ್ತು. ಯಾರೂ ಬಿಂದಿಗೆ ಹಿಡಿಯಲಿಲ್ಲ. ಮಾರೇನಹಳ್ಳಿಯ ಇತಿಹಾಸದಲ್ಲಿ ನಲ್ಲಿನೀರು ಹಾಗೆ ಸುಮ್ಮನೆ ಹರಿದುಹೋದದ್ದು ಅದೇ ಮೊದಲು.

“ಅಯ್ಯೋ ನನ್ ಶಿವನೇ!” ಎಂದಳು ಚಿಕ್ಕಲಕ್ಷ್ಮಮ್ಮ. “ಬ್ರಹ್ಮಚಾರಿ ಅಂತ ಬಾಡ್ಗೇಗೆ ಕೊಟ್ನಲ್ಲೋ!”

ವೆಂಕಟಗಿರಿಯ ಸಂಕಟ ಬೇರೆ. “ಅದಿರ್ಲಿ ಬಿಡಿ ಅಮ್ಮಾ. ನನ್ ಮಗನಿಗೇ ಇನ್ನೂ ಇಂಟರ್‌ವ್ಯೂ ಕಾರ್ಡ್ ಬಂದಿಲ್ಲ! ಈ ಲೇತ್ ಉಗ್ರಪ್ಪನ ಮಗನಿಗೆ ಹೆಂಗ್ ಬಂತು?”

ಸಂಜೆ ಕೆಲಸದಿಂದ ಬಂದ ಉಗ್ರಪ್ಪನ ಕೋಣೆಯ ಮುಂದೆ ಒಂದು ಮರದ ಮೂರುಗಾಲಿ ಗಾಡಿ, ಎರಡು ಪುಟ್ಟ ಚಡ್ಡಿ, ಒಂದು ಗಿಲಕಿ ಇಟ್ಟಿದ್ದವು. ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು.

“ನನ್ ಮೊಮ್ಮಗಂದು ಕಣಪ್ಪ, ಇಟ್ಕೋ. ಪಾಪ, ಮೂರು ವರ್ಷದಿಂದ ಆ ತಾಯಿಮಗೂನ ಎಲ್ಲಪ್ಪಾ ಬಚ್ಚಿಟ್ಟಿದ್ದೆ?”

“ಇನ್ನೂ ಮದ್ವೇನೇ ಆಗಿಲ್ಲ ಅಮ್ಮಾ!”

“ಅದೂ ಬೇರೆ ಆಗಿಲ್ವಾ?” ಎಂದು ಅವಳು ಮತ್ತೆ ಅತ್ತಳು.

ಉಗ್ರಪ್ಪ ಬುಕಿಂಗ್, ಗ್ಯಾಸು, ಸ್ಕೂಟರು ಎಲ್ಲವನ್ನೂ ವಿವರಿಸಿದ. ಕೊನೆಗೆ ಅವಳು ಸಮಾಧಾನ ಹೇಳಿದಳು: “ಸ್ಕೂಟರ್ ಆಮೇಲೆ ತಗೊಳ್ಳಪ್ಪ. ಮೊದ್ಲು ತಾಳಿ ಕಟ್ಟು.”

ಭಾನುವಾರ ಒಂಬತ್ತಕ್ಕೆ ತಿಮ್ಮಯ್ಯ ಹನುಮಯ್ಯನ ಜೊತೆ ವಠಾರದ ಬಾಗಿಲಿಗೆ ಬಂದ. ಬಿಳಿ ಪಂಚೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. “ಮುನಿಲಕ್ಷ್ಮಮ್ಮನ ತಂದೆ, ಹೇರೋಹಳ್ಳಿಯಿಂದ,” ಎಂದು ಹನುಮಯ್ಯ ಪರಿಚಯ ಹೇಳಿದ್ದೇ ತಡ, ಚಿಕ್ಕಲಕ್ಷ್ಮಮ್ಮ ಎದುರುಗೊಂಡಳು.

“ಬನ್ನಿ ಬನ್ನಿ. ಎಲ್ಲಿ, ಮೊಮ್ಮಗನ್ನ ಕರ್ಕೊಂಡ್ ಬರ್ಲಿಲ್ವಾ?”

“ಯಾವ ಮೊಮ್ಮಗ?”

“ನಿಮ್ ಮುನಿಲಕ್ಷ್ಮಮ್ಮನ ಮಗ. ಮುಂದಿನ್ ತಿಂಗ್ಳು ಮೂರು ತುಂಬುತ್ತಲ್ಲ.”

ಬಾಳೆಹಣ್ಣು ನೆಲಕ್ಕೆ ಬಿತ್ತು. ತಿಮ್ಮಯ್ಯ ಹನುಮಯ್ಯನ ಕಡೆ ತಿರುಗಿದ. ಹನುಮಯ್ಯ ಉಗ್ರಪ್ಪನ ಕಡೆ ತಿರುಗಿದ. ಉಗ್ರಪ್ಪನಿಗೆ ತಿರುಗಲು ಗೋಡೆಯೊಂದೇ ಇತ್ತು.

“ಮನೆ ಬಿಟ್ ಹೊರಗ್ ಹೋಗದಿರೋ ನನ್ ಮಗಳಿಗೆ ಮೂರ್ ವರ್ಷದ ಮಗನಾ? ಯಾರ್ರೀ ಹೇಳಿದ್ದು?”

“ಸ್ಕೂಲಿಂದಾನೇ ಬರ್ದಿದ್ದಾರೆ, ನೋಡಿ,” ಎಂದು ವೆಂಕಟಗಿರಿ ಕಾರ್ಡ್ ತಂದು ಇನ್ನೊಮ್ಮೆ ಗಟ್ಟಿಯಾಗಿ ಓದಿದ. ಕೇಳದೆ ಇದ್ದವರಿಗೂ ಕೇಳಿಸಿತು.

“ನಡೀರಿ ಆ ಸ್ಕೂಲಿಗೆ!” ಎಂದ ತಿಮ್ಮಯ್ಯ.

ಮೆರವಣಿಗೆ ಹೊರಟಿತು. ಮುಂದೆ ತಿಮ್ಮಯ್ಯ, ಅವನ ಹಿಂದೆ ಕೈ ಕೈ ಹಿಸುಕಿಕೊಳ್ಳುತ್ತಾ ಹನುಮಯ್ಯ, ಮೂರುಗಾಲಿ ಗಾಡಿ ಹಿಡಿದ ಚಿಕ್ಕಲಕ್ಷ್ಮಮ್ಮ, ಇಂಗ್ಲಿಷ್ ಬೇಕಾದೀತೆಂದು ವೆಂಕಟಗಿರಿ. ಎಲ್ಲರಿಗಿಂತ ಹಿಂದೆ, ಮದುಮಗ.

ಯಶೋದಮ್ಮ ಮೇಡಂಗೆ ಬಹಳ ಸಂತೋಷವಾಯಿತು. “ವೆರಿ ಗುಡ್! ಇಡೀ ಫ್ಯಾಮಿಲಿನೇ ಬಂದಿದೆ. ಮಗೂಗೆ ಇಂಥ ವಾತಾವರಣ ಬೇಕು. ಎಲ್ಲಿ ಚನ್ನಕೇಶವ?”

“ಚನ್ನಕೇಶವ ಇಲ್ಲ!” ತಿಮ್ಮಯ್ಯ ಗುಡುಗಿದ.

“ನಾಚಿಕೆನಾ? ಗೇಟ್ ಹತ್ರ ಬಚ್ಚಿಟ್ಕೊಂಡಿದ್ದಾನಾ? ಎಲ್ಲಾ ಮಕ್ಳೂ ಹಾಗೇ.”

“ಹುಟ್ಟೇ ಇಲ್ಲ ಕಣಮ್ಮ!”

ಮೇಡಂ ಕನ್ನಡಕ ಸರಿಮಾಡಿಕೊಂಡರು. “ಬರ್ತ್ ಸರ್ಟಿಫಿಕೇಟ್ ಇಲ್ಲ ಅಂದ್ರೆ ಹಾಗ್ಯಾಕ್ ಮಾತಾಡ್ತೀರಿ? ಅಫಿಡವಿಟ್ ಕೊಡಿ, ನಡೆಯುತ್ತೆ.”

ಆಗ ಉಗ್ರಪ್ಪ ಬಾಯಿ ಬಿಟ್ಟ. ಜನ್ಮದಲ್ಲಿ ಅಷ್ಟು ಉದ್ದ ಮಾತಾಡಿದವನಲ್ಲ. ಎಲ್ಲರೂ ಎಲ್ಲವನ್ನೂ ಮೊದಲೇ ಬುಕ್ ಮಾಡುತ್ತಾರೆ; ತಾನೂ ಮಾಡಿದೆ; ಮದುವೆ ಮೇ ತಿಂಗಳಲ್ಲಿ, ಮಗ ಮಾರ್ಚಿಗೆ, ಶಾಲೆ ಎಂಬತ್ತೊಂಬತ್ತಕ್ಕೆ; ತನ್ನ ಮಗ ಲೇತಿಗೆ ಎಣ್ಣೆ ಬಿಡಬಾರದು. ಇಷ್ಟೇ. ಆಯಾ ಮಾತ್ರ ತಲೆಯಾಡಿಸಿದಳು.

ತಿಮ್ಮಯ್ಯ ಉಗ್ರಪ್ಪನ ಎದುರಿಗೆ ಬಂದು ನಿಂತ. ಆಮೇಲೆ ಹೇಳಿದ. “ನೋಡಪ್ಪ, ನೀನು ಕೆಟ್ಟೋನಲ್ಲ ಅನ್ಸುತ್ತೆ. ಆದ್ರೆ ತಾಳಿ ಕಟ್ಟೋಕ್ ಮುಂಚೆ ನನ್ ಮಗಳನ್ನ ತಾಯಿ ಮಾಡಿ, ಅದನ್ನ ಪೋಸ್ಟ್‌ಕಾರ್ಡಲ್ಲಿ ಊರಿಗೆಲ್ಲಾ ಸಾರಿಸಿದ್ದೀಯ. ನನ್ ಮಗಳೇನು ಗ್ಯಾಸ್ ಸಿಲಿಂಡರಾ, ಬುಕ್ ಮಾಡಿಡೋಕೆ?”

ಹನುಮಯ್ಯ ಏನೋ ಹೇಳಹೋದ. ತಿಮ್ಮಯ್ಯ ಪಂಚೆ ಎತ್ತಿಕಟ್ಟಿ ನಡೆದೇಬಿಟ್ಟ.

“ನಾನು ಆವತ್ತೇ ಹೇಳ್ಲಿಲ್ವಾ?” ಎಂದ ವೆಂಕಟಗಿರಿ. “ಪ್ಲಾನಿಂಗು ಎಲ್ರಿಗೂ ಆಗೋದಲ್ಲ.” ಅನಂತರ ಮೇಡಂ ಕಡೆ ತಿರುಗಿ, “ಮೇಡಂ, ಈ ಸೀಟು ಈಗ ಖಾಲಿ ತಾನೆ?” ಎಂದ. ಖಾಲಿಯೇ ಆಗಿತ್ತು. ಅವನ ಮಗನಿಗೆ ಸಿಕ್ಕಿತು.

“ರಿಜಿಸ್ಟ್ರೇಷನ್ ಫೀಸು ವಾಪಸ್ ಕೊಡಲ್ಲ,” ಎಂದರು ಮೇಡಂ ಉಗ್ರಪ್ಪನಿಗೆ. “ರಿಜಿಸ್ಟರಲ್ಲಿ ಏರಿಸಿದ್ದನ್ನ ಹರಿಯೋಕೂ ಬರಲ್ಲ. ನೀವು ಬರ್ದಿದ್ದ ಹಾಗೇ ಎಂಬತ್ತಾರು ಅಂತಲೇ ಇಡ್ತೀನಿ. ಎಂಬತ್ತೊಂಬತ್ತಕ್ಕೆ ನಿಮ್ದೇ ಮೊದಲ್ನೇ ನಂಬರು.”

ಛತ್ರದ ಮುಂಗಡ ಕೂಡ ವಾಪಸ್ ಬರುವಂಥದ್ದಲ್ಲವಾದ್ದರಿಂದ ತಿಮ್ಮಯ್ಯ ಅದೇ ಮೇ ಹತ್ತೊಂಬತ್ತಕ್ಕೆ, ಅದೇ ಛತ್ರದಲ್ಲಿ, ಅಂಜಿನಯ್ಯ ಎಂಬ ಸಿಟಿ ಬಸ್ ಕಂಡಕ್ಟರಿಗೆ ಮಗಳನ್ನು ಕೊಟ್ಟ. ಉಗ್ರಪ್ಪ ಅಂದು ಓವರ್‌ಟೈಮ್ ಮಾಡಿದ.

ಹನುಮಯ್ಯ ಸೋಲಲಿಲ್ಲ. ಕೆಂಗೇರಿ ಕಡೆ ನೋಡಿದ, ಬಸವೇಶ್ವರನಗರದ ಕಡೆ ನೋಡಿದ. ಆದರೆ ಅವನಿಗಿಂತ ಮುಂಚೆ ಪೋಸ್ಟ್‌ಕಾರ್ಡಿನ ಸುದ್ದಿ ಹೋಗಿ ಜಗಲಿಯ ಮೇಲೆ ಕೂತಿರುತ್ತಿತ್ತು. ಹುಟ್ಟದ ಚನ್ನಕೇಶವ ಜನರ ಬಾಯಲ್ಲಿ ಸೊಂಪಾಗಿ ಬೆಳೆದ. ಎಂಬತ್ತಾರರಲ್ಲಿ ಅವನಿಗೆ ದಡಾರ ಆಯಿತಂತೆ. ಎಂಬತ್ತೇಳರಲ್ಲಿ ಅಜ್ಜಿಯ ಮನೆಯಲ್ಲಿ ಬಿದ್ದು ಹಲ್ಲು ಮುರಿದುಕೊಂಡನಂತೆ. ಹಾಲಿನ ಬೂತಿನಲ್ಲಿ ಆ ಕಿವುಡಜ್ಜಿ ದಿನಾ ಕೇಳುತ್ತಿದ್ದಳು: “ಮಗ ಚೆನ್ನಾಗಿದ್ದಾನೇನಪ್ಪಾ?” ಮೊದಮೊದಲು ಉಗ್ರಪ್ಪ “ಮಗ ಇಲ್ಲ ಅಜ್ಜಿ” ಎಂದು ಕೂಗಿ ಹೇಳುತ್ತಿದ್ದ. ಸಾಲಿಗೆ ಸಾಲೇ ತಿರುಗಿ ನೋಡುತ್ತಿತ್ತು. ಆಮೇಲೆ “ಚೆನ್ನಾಗಿದ್ದಾನೆ” ಎನ್ನಲು ಶುರುಮಾಡಿದ. ಅದು ಸುಲಭವಾಗಿತ್ತು.

ಎಂಬತ್ತೇಳರ ಕೊನೆಗೆ ಗ್ಯಾಸ್ ಬಂತು. ವಠಾರದವರೆಲ್ಲ ಬಂದು ನೀಲಿ ಉರಿ ನೋಡಿ ಹೋದರು. ಅವನು ಒಂದು ಪಾವು ಅಕ್ಕಿ ಇಟ್ಟ. ಹತ್ತು ತಿಂಗಳ ಮೇಲೆ ಏಜೆನ್ಸಿಯಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದ.

“ಒಂದು ಸಿಲಿಂಡರ್ ಹತ್ತು ತಿಂಗ್ಳು ಬರುತ್ತೇನ್ರಿ? ಯಾವ ಮನೇಲೂ ಎರಡು ತಿಂಗ್ಳ ಮೇಲೆ ಬರಲ್ಲ. ಹೊರಗಡೆ ಸೌದೇಲಿ ಬೇಯಿಸ್ಕೊಂಡು ಸಿಲಿಂಡರ್ ಮಾರಾಟ ಮಾಡೋ ಪ್ಲಾನಾ? ಮನೇಲಿ ಎಷ್ಟ್ ಜನ?”

ಉಗ್ರಪ್ಪ ಒಂದು ಬೆರಳು ಎತ್ತಿದ. ಇನ್ಸ್‌ಪೆಕ್ಟರ್ ಒಳಗೆ ಬಂದು ಎಣಿಸಿದ. ಒಂದು ಚಾಪೆ. ಎರಡು ತಟ್ಟೆ.

“ಎರಡನೇ ತಟ್ಟೆ ಯಾರ್ದು?” ಎಂದ ಗುಮಾನಿಯಿಂದ. ಅಷ್ಟು ವರ್ಷದ ಮೇಲೆ ಯಾರೋ ಕೇಳಿದರು, ಅದೂ ಕೇಸು ಬರೆಯಲು.

ಎಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಲಿಟಲ್ ಪೀಕಾಕ್‌ನಿಂದ ಪೋಸ್ಟ್‌ಕಾರ್ಡ್ ಬಂತು. ಮೊದಲನೇ ನಂಬರು, ಭಾನುವಾರ ಹತ್ತು ಗಂಟೆ. ಉಗ್ರಪ್ಪ ಅಂಗಿ ಇಸ್ತ್ರಿ ಮಾಡಿದ. ಯಾಕೆ ಹೋದೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಸರದಿ ಬಂದಾಗ ಹೋಗದೆ ಇರುವುದು ಅವನ ಜಾಯಮಾನವಲ್ಲ, ಅಷ್ಟೇ.

ಲಿಟಲ್ ಪೀಕಾಕ್ ಈಗ ಕಾರ್ ಶೆಡ್ಡು ದಾಟಿ ಇಡೀ ಮನೆಯನ್ನು ನುಂಗಿತ್ತು. ಗೋಡೆಯ ನವಿಲಿಗೆ ಹೊಸ ಬಣ್ಣ ಬಳಿದಿದ್ದರು, ಇನ್ನೂ ಕೋಳಿಯೇ. ರಸ್ತೆಯ ತಿರುವಿನವರೆಗೂ ಸಾಲು. ಮೂರು ವರ್ಷದ ಮಕ್ಕಳು ಹಣ್ಣಿನ ಹೆಸರು ಬಾಯಿಪಾಠ ಮಾಡುತ್ತಾ ಅಳುತ್ತಿದ್ದವು, ಅಳುತ್ತಾ ಏಟು ತಿನ್ನುತ್ತಿದ್ದವು. ಉಗ್ರಪ್ಪನಿಗೆ ಲೇತಿನ ಕೆಲಸ ಕೊಡುವಾಗ ಯಾರೂ ಇಂಟರ್‌ವ್ಯೂ ಮಾಡಿರಲಿಲ್ಲ. ಕೈಯಲ್ಲಿ ಹತ್ತು ಬೆರಳು ಇವೆಯೇ ಎಂದು ನೋಡಿದ್ದರು, ಅಷ್ಟೇ.

“ಮೊದಲ್ನೇ ನಂಬರ್ ಯಾರು?” ಆಯಾ ಕೂಗಿದಳು. ಒಳಗೆ ಹೋದರೆ ಮೇಡಂ ಮೇಜಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಮಗು.

“ಇಲ್ಲಮ್ಮ, ಭರ್ತಿ ಆಗಿದೆ,” ಮೇಡಂ ಹೇಳುತ್ತಿದ್ದರು. “ಹೇರೋಹಳ್ಳಿಯಿಂದ ಬಂದ್ರೂ ಅಷ್ಟೇ, ಎಲ್ಲಿಂದ ಬಂದ್ರೂ ಅಷ್ಟೇ. ಮೊದ್ಲೇ ರಿಜಿಸ್ಟರ್ ಮಾಡಿಸ್ಬೇಕಿತ್ತು.”

“ನಮ್ಗೆ ಗೊತ್ತಾಗ್ಲಿಲ್ಲ ಮೇಡಂ. ನಮ್ ಮನೆಯವ್ರು ದಿನಾ ಬಸ್ ಡ್ಯೂಟಿ. ನಮ್ಮಲ್ಲಿ ಯಾರೂ ಓದ್ಲಿಲ್ಲ, ಇವ್ನಾದ್ರೂ ಓದ್ಲಿ ಅಂತ...”

ದನಿ ಕೇಳಿ ಉಗ್ರಪ್ಪ ನಿಂತ. ಮುನಿಲಕ್ಷ್ಮಮ್ಮ ತಿರುಗಿದಳು. ಗುರುತು ಹಿಡಿದಳು. ಅವಳ ಕಣ್ಣು ಮೊದಲು ಹೋದದ್ದು ಅವನ ಹೆಬ್ಬೆರಳಿಗೆ.

ಉಗ್ರಪ್ಪ ಜೇಬಿನಿಂದ ಹಳೆಯ ರಶೀದಿ ತೆಗೆದು ಮೇಜಿನ ಮೇಲಿಟ್ಟ. “ಇವ್ರ ಸೀಟು ಬುಕ್ ಆಗಿದೆ ಮೇಡಂ. ನೋಡಿ.”

ಮೇಡಂ ಕನ್ನಡಕ ಈಗ ದಪ್ಪವಾಗಿತ್ತು. ರಿಜಿಸ್ಟರ್ ತಿರುವಿ, ಅದಕ್ಕೆ ಅಂಟಿಸಿದ್ದ ಹಳೆಯ ಫಾರಂ ನೋಡಿದರು. “ಅರೆ! ತಾಯಿಯ ಹೆಸರು ಮುನಿಲಕ್ಷ್ಮಮ್ಮ, ಹೇರೋಹಳ್ಳಿ. ಎಂಬತ್ತೈದರಲ್ಲೇ ಮಾಡಿಸಿದ್ದೀರಲ್ಲಮ್ಮ! ಇದಪ್ಪಾ ಪ್ಲಾನಿಂಗ್ ಅಂದ್ರೆ! ಮಗು ಹುಟ್ಟಿದ್ದು ಯಾವಾಗ?”

“ಮಾರ್ಚ್ ಇಪ್ಪತ್ನಾಲ್ಕು. ಎಂಬತ್ತಾರು.” ಅವಳ ದನಿ ಸಣ್ಣದಾಗಿತ್ತು.

ಒಂಬತ್ತು ದಿನದ ವ್ಯತ್ಯಾಸ. ಟಾಲರೆನ್ಸ್ ಒಳಗೇ ಇತ್ತು.

“ಇಲ್ಲಿ ಹದಿನೈದು ಅಂತಿದೆ, ತಿದ್ತೀನಿ,” ಎಂದು ಮೇಡಂ ಕೆಂಪು ಇಂಕಿನ ಪೆನ್ನು ತೆಗೆದರು. “ಮಗೂ ಹೆಸ್ರು ಏನು? ಚನ್ನಕೇಶವ ಅಲ್ವಾ? ಸರಿ, ಹೊಡೆದ್ ಹಾಕ್ತೀನಿ. ತಂದೆ ಹೆಸ್ರು?”

“ಅಂಜಿನಯ್ಯ.”

“ಇದೂ ತಪ್ಪಿದೆ. ಯಾರ್ ಬರ್ದಿದ್ದೋ ಏನೋ, ಬರೀ ತಪ್ಪು.” ಮೇಡಂ ಸ್ಕೇಲ್ ಇಟ್ಟು, ಉಗ್ರಪ್ಪ ಎಂಬ ದೊಡ್ಡಕ್ಷರಗಳ ಮೇಲೆ ನೆಟ್ಟಗೆ ಒಂದು ಗೀಟು ಎಳೆದರು. “ತಾಯಿ ಹೆಸ್ರೊಂದು ಸರಿ ಇದೆ.” ಅದರ ಪಕ್ಕ ಟಿಕ್ ಹಾಕಿದರು.

ಆಮೇಲೆ ತಲೆಯೆತ್ತಿ ನೋಡಿದರು. ಆಯಾ ನೋಡಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಅಪ್ಪ ಅಮ್ಮಂದಿರೆಲ್ಲ ನೋಡಿದರು. ಕಂಕುಳ ಮಗು ಬಾಯಿಂದ ಬೆರಳು ತೆಗೆದು ನೋಡಿತು.

“ನೀವು ಮಗೂಗೆ ಏನಾಗ್ಬೇಕು?”

ಉಗ್ರಪ್ಪ ಮಗುವಿನ ಕಡೆ ಒಂದು ಸಲ ನೋಡಿದ. ಮೇಜಿನ ಮೇಲಿದ್ದ ರಶೀದಿಯನ್ನು ಮುಟ್ಟಲಿಲ್ಲ. ಅಂಗಿಯ ಕಾಲರ್ ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತವರ ನಡುವೆ ದಾರಿ ಬಿಡಿಸಿಕೊಂಡು ಹೊರಗೆ ಬಂದ. ಸಾಲು ಇನ್ನೂ ರಸ್ತೆಯ ತಿರುವಿನವರೆಗೆ ಇತ್ತು. ಅವನು ಅದರ ಪಕ್ಕದಲ್ಲೇ, ಮೊದಲಿಂದ ಕೊನೆಯವರೆಗೆ, ನಡೆದುಕೊಂಡು ಹೋದ.